ಮೊಳೆಯಿಲ್ಲದ ನೆಲ

ನನ್ನ ಗಂಡನ ಹೆಸರು ಜತ್ತಪ್ಪ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಮದುವೆಯಾದಂದಿನಿಂದ ನನಗೆ ಅವರು ‘ಇವರು’. ಊರಿನವರು ಇಟ್ಟ ಹೆಸರು ಬೇರೆ: ನೆಲ ಹೊರುವ ಜತ್ತಪ್ಪ. ಮನೆ ಬಿಡುವಾಗ ಜನ ಪಾತ್ರೆ ಪಗಡ, ಚಾಪೆ, ಕೋಳಿಗೂಡು ಹೊತ್ತುಕೊಂಡು ಹೋಗುವುದುಂಟು. ನೆಲವನ್ನೇ ಬಿಚ್ಚಿ ಗಾಡಿಗೆ ಹೇರಿದವರು ನಮ್ಮ ಸೀಮೆಯಲ್ಲಿ ಇವರೊಬ್ಬರೇ ಇರಬೇಕು.

ಇದನ್ನೆಲ್ಲ ಬರೆದಿಡು ಎಂದು ಹಿಂದೆ ಬಿದ್ದವಳು ಮಗಳು ನೀಲಾವತಿ. ಎಂಟನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯಲಿಕ್ಕೆ ಬರುತ್ತದೆ. ಆದರೆ ಇವರನ್ನು ದೇವರ ಪಟ ಮಾಡಿ ಗೋಡೆಗೇರಿಸುವುದು ನನ್ನಿಂದಾಗದು. ಇವರ ಹಠ ಎಂಥದ್ದೆಂದು ಉಂಡು ತಿಳಿದವಳು ನಾನು. ನಾನು ಮಾಡಿದ ಒಂದು ಕೆಲಸವೂ ಇದರಲ್ಲಿ ಬರುತ್ತದೆ. ಅದನ್ನು ಬಿಟ್ಟರೆ ಇವರ ಕಥೆ ಅರ್ಧವೇ ಆಗುತ್ತದೆ.

ನಾವು ಆಗ ವೇಣೂರಿನ ಹೊಳೆಬದಿಯಲ್ಲಿ ಚಾಲಗೇಣಿ ಒಕ್ಕಲು. ಚಾಲಗೇಣಿ ಎಂದರೆ ವರ್ಷದಿಂದ ವರ್ಷಕ್ಕೆ. ಧಣಿ ಇರು ಎಂದರೆ ಇರಬೇಕು, ಹೊರಡು ಎಂದರೆ ಹೊರಡಬೇಕು. ಗದ್ದೆ ಅವರದ್ದು, ಗದ್ದೆಯ ಮಗ್ಗುಲಿನ ಮಣ್ಣಿನ ಮನೆಯೂ ಅವರದ್ದೇ. ಐವತ್ತೆರಡನೇ ಇಸವಿಯ ಆಟಿ ತಿಂಗಳ ಜಡಿಮಳೆಯಲ್ಲಿ ಆ ಮನೆಯಲ್ಲಿ ನಮ್ಮ ಮೊದಲ ಮಗು ಹೋಯಿತು. ಐದು ತಿಂಗಳ ಗಂಡು. ಆ ಹೆಸರನ್ನು ಬರೆಯುವುದಕ್ಕೂ ನನ್ನಿಂದ ಆಗುವುದಿಲ್ಲ. ಎದೆಯಲ್ಲಿ ಕಫ ಕಟ್ಟಿ ನಾಲ್ಕು ದಿನ ಒದ್ದಾಡಿತು. ಹೊಳೆ ತುಂಬಿದಾಗಲೆಲ್ಲ ಆ ಮನೆಯ ನೆಲದ ಅಡಿಯಿಂದ ತೇವ ಏಳುತ್ತಿತ್ತು. ಸೆಗಣಿ ಸಾರಿಸಿದ್ದು ಒಣಗುತ್ತಲೇ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಹೋದ ಮೇಲೆ ನಾನು ಚಾಪೆ ಮಡಚಲು ಹೋದೆ. ಚಾಪೆಯ ಅಡಿ ಹಿಂಡಿದರೆ ನೀರು ಬರುವಷ್ಟು ಒದ್ದೆ.

ಬಂದವರೆಲ್ಲ ಋಣ ಇಷ್ಟೇ ಇತ್ತು ಎಂದರು. ಇವರು ಚಾಪೆ ಇದ್ದ ಜಾಗದಲ್ಲಿ ಅಂಗೈ ಒತ್ತಿ ಬಹಳ ಹೊತ್ತು ಕುಳಿತರು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಊಟಕ್ಕೆ ಕೂತಾಗ, “ಇನ್ನು ನಮ್ಮ ಮಗು ಮಣ್ಣಿನ ಮೇಲೆ ಮಲಗುವುದು ಬೇಡ,” ಎಂದರು. ಇನ್ನೊಂದು ಮಗು ಎಂಬ ಮಾತೇ ನನಗೆ ಆಗ ಹಿಡಿಸಲಿಲ್ಲ. ಎದ್ದು ಒಳಗೆ ಹೋದೆ.

ಇವರು ಮನಸ್ಸು ಮಾಡಿದ್ದು ಹಲಗೆಯ ನೆಲಕ್ಕೆ. ಅದು ಗುತ್ತಿನ ದೊಡ್ಡ ಮನೆಗಳ ಉಪ್ಪರಿಗೆಯಲ್ಲಿ ಇರುವಂಥದ್ದು. ಒಕ್ಕಲಿನವನಿಗೆ ಯಾಕೆ? ಅಲ್ಲದೆ ನಮ್ಮಲ್ಲಿ ಒಂದು ಕ್ರಮ ಉಂಟು. ಒಕ್ಕಲು ಮನೆ ಬಿಡುವ ದಿನ ಧಣಿಯ ಕಡೆಯವರೊಬ್ಬರು, ನೆರೆಯವರಿಬ್ಬರು ಬಂದು ಮನೆ ನೋಡುತ್ತಾರೆ. ಕೈಯಲ್ಲಿ ಬಿಚ್ಚಲಿಕ್ಕೆ ಬಂದದ್ದು ಒಕ್ಕಲಿನದ್ದು. ಮೊಳೆ ಹೊಡೆದು ಕೂರಿಸಿದ್ದು ಮನೆಯದ್ದು, ಎಂದರೆ ಧಣಿಯದ್ದು. ಬಾಗಿಲಿಗೆ ಆಸೆಪಟ್ಟು ಒಳ್ಳೆಯ ಚಿಲಕ ಹಾಕಿಸಿದವರೂ ಅದನ್ನು ಬಿಟ್ಟೇ ಹೋಗಬೇಕು. ಹೀಗಿರುವಾಗ ಇಡೀ ಕೋಣೆಗೆ ಹಲಗೆ ಹಾಕುವುದೆಂದರೆ ಮಂದಿ ನಗದೆ ಇರುತ್ತಾರೆಯೇ?

ಮುಂದಿನ ಬೇಸಿಗೆಯ ಸುರುವಿನಲ್ಲಿ ಇವರು ಬಂಟ್ವಾಳಕ್ಕೆ ಹೋದರು. ಅಲ್ಲಿ ದೋಣಿಗಳ ಕಾಲ ಮುಗಿಯುತ್ತ ಬಂದಿತ್ತು. ಮಂಗಳೂರಿಗೆ ಅಕ್ಕಿ, ಅಡಿಕೆ ಒಯ್ಯುವ ಕೆಲಸವನ್ನು ಲಾರಿಗಳು ಎತ್ತಿಕೊಂಡಿದ್ದವು. ಹೊಳೆಯ ದಂಡೆಯಲ್ಲಿ ಶಹರ್ಬಾನು ಎಂಬ ಬ್ಯಾರ್ತಿ ಹೆಂಗಸಿನ ತೀರಿಹೋದ ಗಂಡನ ಸರಕಿನ ದೋಣಿ ಬೋರಲು ಬಿದ್ದಿತ್ತು. ಸೌದೆಯವನು ಬಂದು ನೋಡಿ ಹೋಗಿದ್ದನಂತೆ. ಶಹರ್ಬಾನು ಇವರಿಗೆ ಹಲಗೆಯನ್ನು ತಟ್ಟಿ ತೋರಿಸಿದರಂತೆ.

“ಹೆಬ್ಬಲಸಿನ ಮರ ಜತ್ತಪ್ಪಣ್ಣ. ಮೂವತ್ತು ವರ್ಷ ನೀರಿನಲ್ಲೇ ಇದ್ದದ್ದು. ಇದಕ್ಕೆ ಒಂದು ಮೊಳೆ ಹೊಡೆದದ್ದಿಲ್ಲ, ಎಲ್ಲ ತೆಂಗಿನ ಹಗ್ಗದ ಹೊಲಿಗೆ. ಒಲೆಗೆ ಹೋಗುವುದಕ್ಕಿಂತ ಮನುಷ್ಯರ ಕಾಲಡಿಗೆ ಹೋಗಲಿ.”

ಹೊಲಿಗೆಯ ತೂತುಗಳನ್ನು ಕಂಡದ್ದೇ ಇವರ ತಲೆಯಲ್ಲಿ ಕೆಲಸ ಮುಗಿದುಹೋಯಿತು. ದೋಣಿಯನ್ನು ಹಗ್ಗದಲ್ಲಿ ಹೊಲಿಯಬಹುದಾದರೆ ನೆಲವನ್ನು ಯಾಕೆ ಹೊಲಿಯಬಾರದು? ಎರಡು ಮುಡಿ ಅಕ್ಕಿಗೆ ಇಡೀ ದೋಣಿ ಹಲಗೆ ಹಲಗೆಯಾಗಿ ಗಾಡಿ ಏರಿ ವೇಣೂರಿಗೆ ಬಂತು.

ಇವರು ಆಚಾರಿಯಲ್ಲ. ನೇಗಿಲಿನ ಮೇಣಿ ಬಿಟ್ಟರೆ ಬೇರೆ ಮರದ ಕೆಲಸ ಗೊತ್ತಿದ್ದವರಲ್ಲ. ದೋಣಿಯ ಹಲಗೆ ಬೇರೆ, ಬಾಗಿರುವಂಥದ್ದು. ಅದನ್ನು ಒದ್ದೆ ಬೈಹುಲ್ಲಿನ ಮೇಲೆ ಮಲಗಿಸಿ, ಮೇಲೆ ಮುರಕಲ್ಲು ಹೇರಿ ಒಂದು ತಿಂಗಳು ಬಿಟ್ಟರು. ಆ ತಿಂಗಳಲ್ಲಿ ಕೋಣೆಯ ನೆಲದ ಮೇಲೆ ಎರಡೆರಡು ಗೇಣಿಗೆ ಸಾಲು ಕಲ್ಲಿಟ್ಟು, ಅದರ ಮೇಲೆ ಬೈನೆ ಮರದ ಅಡ್ಡೆಗಳನ್ನು ಮಲಗಿಸಿದರು. ಮಟ್ಟ ಸರಿಯುಂಟಾ ಎಂದು ನೋಡಲು ನನ್ನ ತವರಿನ ಹರಿವಾಣದಲ್ಲಿ ನೀರು ತುಂಬಿ ಅಡ್ಡೆಯ ಮೇಲಿಡುವುದು, ನೀರು ಯಾವ ಕಡೆ ವಾಲುತ್ತದೆಂದು ಮಂಡಿಯೂರಿ ನೋಡುವುದು. ಅಷ್ಟು ದಿನ ನಾನು ಬಾಳೆಲೆಯಲ್ಲೇ ಬಡಿಸಿದೆ. ಆಮೇಲೆ ಹಲಗೆಯ ಬದಿಗೆ ಹಲಗೆ ಕೂಡಿಸಿ, ಹಳೆಯ ತೂತಿನಲ್ಲೇ ಹೊಸ ಹಗ್ಗ ಇಳಿಸಿ, ಅಡ್ಡೆಗೆ ಸುತ್ತಿ ಮೇಲೆಳೆದು ಬಿಗಿದರು. ಕಾಲಿಗೆ ತಾಗದ ಹಾಗೆ ಹಗ್ಗ ಕೂರಲು ಗೀರು ಕೊರೆದರು. ಕೊನೆಗೆ ಗೋಡೆಯ ಬದಿಯಿಂದ ಮರದ ಬೆಣೆ ಜಡಿದರು. ಯುಗಾದಿಗೆ ಮೊದಲು ಮುಗಿಯಿತು.

ಚಂದ ಆಗಿತ್ತು, ಸುಳ್ಳು ಹೇಳಲಾರೆ. ಆದರೆ ಮೂವತ್ತು ವರ್ಷ ದೋಣಿಗೆ ಹಚ್ಚಿದ ಮೀನೆಣ್ಣೆ ಮರದ ಹೊಟ್ಟೆಯಲ್ಲಿತ್ತು. ಸೆಕೆ ಏರಿದ ಹಾಗೆ ವಾಸನೆಯೂ ಏರಿತು. ಸುತ್ತಲಿನ ಬೆಕ್ಕುಗಳೆಲ್ಲ ನಮ್ಮ ಕೋಣೆಯಲ್ಲಿ ಬೀಡುಬಿಟ್ಟು ನೆಲ ನೆಕ್ಕಲು ಸುರು ಮಾಡಿದವು. ಮರ ತಿನ್ನುವ ಒರಲೆ ಹುಳ ಮಾತ್ರ ಹತ್ತಿರ ಸುಳಿಯಲಿಲ್ಲ, ಅದೇ ಲಾಭ ಎಂದು ಇವರು ಬೀಗಿದರು.

ನನ್ನದೂ ಒಂದು ಎಡವಟ್ಟಾಯಿತು. ಮೊದಲ ಶುಕ್ರವಾರ ಬಂತು. ಸೆಗಣಿ ಸಾರಿಸದ ಮನೆಯಲ್ಲಿ ದೀಪ ಹಚ್ಚುವುದು ಹೇಗೆ? ಬಕೆಟು ತುಂಬ ಸೆಗಣಿ ಕದಡಿ ಹಲಗೆಯ ಮೇಲೆಲ್ಲ ಚೊಕ್ಕ ಸಾರಿಸಿಬಿಟ್ಟೆ. ಸಂದಿಸಂದಿಗೂ ಸೆಗಣಿ ಇಳಿಯಿತು. ಗದ್ದೆಯಿಂದ ಬಂದವರು ಬಾಗಿಲಲ್ಲೇ ನಿಂತರು.

“ದೋಣಿಗೆ ಯಾರಾದರೂ ಸೆಗಣಿ ಸಾರಿಸ್ತಾರಾ ಮಾರಾಯ್ತಿ?”

“ದೋಣಿಯಲ್ಲಿ ಯಾರಾದರೂ ಸಂಸಾರ ಮಾಡ್ತಾರಾ?” ಎಂದೆ ನಾನು. ಮಗು ಹೋದ ಮೇಲೆ ಇವರು ನಕ್ಕದ್ದನ್ನು ಅವತ್ತು ಮೊದಲ ಬಾರಿ ಕಂಡೆ.

ಮಳೆ ಬಂದಾಗ ಮರ ಉಬ್ಬಿ ನಡುಕೋಣೆಯ ಹಲಗೆಗಳು ಬೆಕ್ಕಿನ ಬೆನ್ನಿನ ಹಾಗೆ ಎದ್ದು ನಿಂತವು. ಗೋಡೆಯವರೆಗೂ ಬಿಗಿಯಾಗಿ ಕೂರಿಸಿದ್ದೇ ತಪ್ಪಾಗಿತ್ತು. ಇವರು ಎಲ್ಲ ಬಿಚ್ಚಿ, ಒಂದು ಹಲಗೆಯನ್ನು ಎರಡು ಬೆರಳು ಕೀಸಿ, ಗೋಡೆಯ ಬದಿಗೆ ಸಂದು ಬಿಟ್ಟು ಮತ್ತೆ ಹೊಲಿದರು. ಆ ಎರಡು ಬೆರಳು ಸಂದಿನ ಮಣ್ಣಿಗೆ ನಾನು ಶುಕ್ರವಾರ ಸೆಗಣಿ ಸಾರಿಸಿದೆ. ಹೀಗೆ ನಮ್ಮಿಬ್ಬರ ಮಾತೂ ಉಳಿಯಿತು.

ಐವತ್ತಾರರಲ್ಲಿ ಧಣಿ ಹೊರಡು ಎಂದರು. ಒಬ್ಬನೇ ಒಕ್ಕಲು ಬಹಳ ವರ್ಷ ಕೂತರೆ ಕಾಯ್ದೆ ಬಂದು ಗದ್ದೆ ಅವನದ್ದೇ ಆದೀತೆಂಬ ಹೆದರಿಕೆ ಆಗ ಧಣಿಗಳಿಗೆ ಹುಟ್ಟಿತ್ತು. ಮನೆ ನೋಡಲು ಬಂದವರ ಎದುರಿಗೆ ಇವರು ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಗಂಟು ಬಿಚ್ಚಿದರು. ಉಳಿ ಮುಟ್ಟಲಿಲ್ಲ, ಸುತ್ತಿಗೆ ಮುಟ್ಟಲಿಲ್ಲ. ಯಾರೂ ಏನೂ ಹೇಳುವಂತಿರಲಿಲ್ಲ. ‘ನೆಲ ಹೊರುವ ಜತ್ತಪ್ಪ’ ಎಂಬ ಹೆಸರು ಬಿದ್ದದ್ದು ಆವತ್ತೇ. ಇವರಿಗೆ ಆ ಹೆಸರು ಒಳಗೊಳಗೇ ಇಷ್ಟವಾಗಿತ್ತು. ಬಿ.ಸಿ.ರೋಡಿನ ಹೋಟೆಲಿನಲ್ಲಿ ಚಾ ಕುಡಿಯುವಾಗಲೂ ಗುರುತಿಲ್ಲದವರಿಗೆ ಹೇಳುತ್ತಿದ್ದರು, “ನನ್ನ ನೆಲದಲ್ಲಿ ಒಂದು ಮೊಳೆ ಇಲ್ಲ.”

ಪೊಳಲಿಯ ಹತ್ತಿರ ಹೊಸ ಒಕ್ಕಲು ಸಿಕ್ಕಿತು. ನೀಲಾವತಿ ಹುಟ್ಟಿದ್ದು ಅಲ್ಲಿ, ಆ ಹಲಗೆಯ ಮೇಲೆ. ಅವಳದ್ದೂ ಎದೆ ದುರ್ಬಲ. ತಂಪು ತಾಗಿತೋ, ಕೆಮ್ಮು ಹಿಡಿಯುತ್ತಿತ್ತು. ಕೆಮ್ಮಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಡಿಗೆ ಒಣ ಹಲಗೆ ಉಂಟು ಎಂಬುದೊಂದೇ ಧೈರ್ಯ.

ಪೊಳಲಿಯ ಕೋಣೆ ವೇಣೂರಿನದ್ದಕ್ಕಿಂತ ಒಂದು ಗೇಣು ಉದ್ದ. ಆ ಗೇಣಿಗಾಗಿ ಇವರು ಬಾಗಿಲ ಬುಡದಲ್ಲಿ ತೂತಿಲ್ಲದ ಒಂದು ತುಂಡು ಹಲಗೆ ಸೇರಿಸಿ ಬೆಣೆ ಜಡಿದಿದ್ದರು. ವಾರಕ್ಕೊಮ್ಮೆ ಬೆಣೆ ಸಡಿಲುತ್ತಿತ್ತು. ಕಾಲಿಟ್ಟರೆ ‘ಟಕ್’. ಅಡುಗೆಮನೆಗೆ ಹೋಗುವಾಗ ಟಕ್, ಬರುವಾಗ ಟಕ್. ಮಗು ಬೆಚ್ಚಿ ಏಳುವುದು, ಅತ್ತು ಅತ್ತು ಕೆಮ್ಮುವುದು. ನೆಲ ಮಾಡಿದವರು ಗದ್ದೆಯಲ್ಲಿ. ಟಕ್ ಕೇಳುವವಳು ನಾನು. ಹೇಳಿದರೆ, “ಬೆಣೆ ಜಡಿಯುವ, ಜಡಿಯುವ,” ಎನ್ನುವರು.

ಒಮ್ಮೆ ಇವರು ತಂಗಿಯ ಮನೆಗೆಂದು ಮೂರು ದಿನ ಬೆಳ್ತಂಗಡಿಗೆ ಹೋದರು. ಮಗುವಿಗೆ ಕೆಮ್ಮು ಏರಿತ್ತು. ಮಧ್ಯಾಹ್ನ ಒಂದು ಗಂಟೆ ಹೊತ್ತು ಹೆಗಲಲ್ಲಿ ಹಾಕಿ ತಟ್ಟಿ ಮಲಗಿಸಿದ್ದೇನೆ. ಕಷಾಯ ಇಳಿಸಲು ಎದ್ದೆ. ಟಕ್. ಮಗು ಎದ್ದು ಉಸಿರು ಸಿಗದ ಹಾಗೆ ಕೆಮ್ಮಿತು, ತುಟಿ ನೀಲಿಯಾಯಿತು. ಅದು ಸುಧಾರಿಸಿದ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗೋಡೆಯ ಕ್ಯಾಲೆಂಡರಿನ ಮೊಳೆ ಕಿತ್ತೆ. ಅರೆಯುವ ಗುಂಡುಕಲ್ಲಿನಿಂದ ಆ ತುಂಡು ಹಲಗೆಯನ್ನು ಅಡ್ಡೆಗೆ ಸೇರಿಸಿ ಹೊಡೆದೆ. ಮೊಳೆ ವಾರೆಯಾಗಿ ಇಳಿಯಿತು. ಅದರ ತಲೆಯ ಮೇಲೆ ಜೇನುಮೇಣ ಸವರಿ, ದೀಪದ ಮಸಿ ತಿಕ್ಕಿದೆ. ಕ್ಯಾಲೆಂಡರನ್ನು ದಾರ ಕಟ್ಟಿ ಕಿಟಕಿಯ ಸರಳಿಗೆ ತೂಗಿಸಿದೆ. ಆವತ್ತು ನೀಲಾವತಿ ಸಂಜೆಯವರೆಗೆ ಮಲಗಿದಳು.

ಇವರು ಬಂದು, “ಕ್ಯಾಲೆಂಡರ್ ಯಾಕೆ ಕಿಟಕಿಯಲ್ಲಿ?” ಎಂದರು.

“ಬೆಳಕಿಗೆ,” ಎಂದೆ.

ಹಲಗೆ ಸದ್ದು ಮಾಡದ್ದನ್ನು ತಮ್ಮ ಬೆಣೆಯ ಗುಣವೆಂದೇ ಇವರು ತಿಳಿದರು. ಹೇಳಬೇಕು, ಹೇಳಬೇಕು ಎಂದುಕೊಂಡೆ. ಇವರು ಬಂದವರ ಎದುರೆಲ್ಲ ‘ಒಂದು ಮೊಳೆ ಇಲ್ಲ’ ಎನ್ನುವುದನ್ನು ಕೇಳಿದಾಗ ಹೇಳುವ ಬಾಯಿ ಕಟ್ಟಿಹೋಯಿತು. ಮನೆ ಬಿಡುವ ದಿನ ಬಂದರೆ ಮೊದಲು ನಾನೇ ಕಿತ್ತುಹಾಕುವುದೆಂದು ಅಂದುಕೊಂಡಿದ್ದೆ.

ಆ ದಿನ ಹೇಳಿ ಕೇಳಿ ಬರಲಿಲ್ಲ. ಐವತ್ತೊಂಬತ್ತರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಧಣಿಯ ಪಾರುಪತ್ಯದ ಡೊಂಬಯ್ಯ ಇಬ್ಬರು ನೆರೆಯವರನ್ನು ಕರೆದುಕೊಂಡೇ ಬಂದು ನಿಂತರು. ಮಧ್ಯಾಹ್ನದೊಳಗೆ ಮನೆ ಬಿಡಬೇಕು. ಡೊಂಬಯ್ಯ ಕೆಟ್ಟವರಲ್ಲ, ಹೇಳಿದ ಕೆಲಸ ಮಾಡುವವರು. ಹಲಗೆಯ ಮೇಲೆ ನಡೆದು ನೋಡಿ, “ಇದನ್ನೂ ಒಯ್ಯುವುದಾ ಜತ್ತಪ್ಪ? ಇದು ಮನೆಗೆ ಸೇರಿದ ಹಾಗೆ ಉಂಟಲ್ಲ,” ಎಂದರು.

ಸುಮ್ಮನೆ ಬಿಚ್ಚಿದ್ದರೆ ಆಗುತ್ತಿತ್ತು. ಇವರ ಬಾಯಿ ಕೇಳಬೇಕಲ್ಲ. “ಇದರಲ್ಲಿ ಒಂದು ಮೊಳೆ ಸಿಕ್ಕಿದರೆ ನೆಲ ಇಡೀ ನಿಮಗೆ,” ಎಂದು ಮೂವರ ಎದುರಿಗೆ ಹೇಳಿಬಿಟ್ಟರು.

ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದೆ. ನನ್ನ ಕಾಲು ಆ ತುಂಡು ಹಲಗೆಯ ಮೇಲೆಯೇ ಇತ್ತು. ಇವರು ಆಚೆ ಗೋಡೆಯಿಂದ ಗಂಟು ಬಿಚ್ಚುತ್ತ ಬಂದರು. ಒಂದೊಂದೇ ಹಲಗೆ ಅಂಗಳಕ್ಕೆ ಹೋಯಿತು. ಕೊನೆಗೆ ನನ್ನ ಕಾಲ ಬುಡಕ್ಕೆ ಬಂದು, “ಸ್ವಲ್ಪ ಆಚೆ ಸರಿ ಅಮ್ಮಣಿ,” ಎಂದರು. ಸರಿದೆ. ಬೆಣೆ ಎಳೆದರು, ಬಂತು. ಹಲಗೆ ಎತ್ತಿದರು, ಬರಲಿಲ್ಲ. ಹಲಗೆ ಬಿಗಿದು ಕೂತಿದೆಯೆಂದುಕೊಂಡು ಬೆರಳು ತೂರಿಸಿ ಎಳೆದರು. ಒಂದು ಕೊನೆ ಎದ್ದು, ಇನ್ನೊಂದು ಕೊನೆ ಅಡ್ಡೆಗೆ ಕಚ್ಚಿ ನಿಂತಿತು. ಮೇಣ ಸಿಡಿದು ಮೊಳೆಯ ತಲೆ ಹೊರಬಿತ್ತು.

ಮೂವರೂ ನೋಡಿದರು. ಇವರು ಆ ಮೊಳೆಯನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿದರು. ನನ್ನ ಮುಖ ನೋಡಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಡೊಂಬಯ್ಯ ಹೊರಗೆ ನೋಡುತ್ತ ಹೇಳಿದರು, “ನಾನು ಕಾಣಲಿಲ್ಲ ಜತ್ತಪ್ಪ. ಇವರೂ ಕಾಣಲಿಲ್ಲ. ತೆಗೆದುಕೊಂಡು ಹೋಗು ಮಾರಾಯ.”

“ನಾನು ಕಂಡೆನಲ್ಲ,” ಎಂದರು ಇವರು.

ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಅಂಗಳದಿಂದ ಹಲಗೆಗಳನ್ನು ಒಂದೊಂದಾಗಿ ಒಳಗೆ ತಂದು, ಮೊದಲಿನ ಹಾಗೆಯೇ ಕೂರಿಸಿ, ಹಗ್ಗ ಬಿಗಿದು, ಬೆಣೆ ಜಡಿದು, ಇಡೀ ನೆಲವನ್ನು ಧಣಿಗೆ ಸರಿಯಾಗಿ ಹೊಲಿದುಕೊಟ್ಟರು. ಡೊಂಬಯ್ಯ ಬೇಡವೆಂದರೂ ಬಿಡಲಿಲ್ಲ. ಗಾಡಿಯಲ್ಲಿ ಚಾಪೆ, ಪಾತ್ರೆ, ನಾವು ಮೂವರು. ಹಲಗೆಯ ಭಾರವಿಲ್ಲದೆ ಎತ್ತುಗಳು ಸಲೀಸಾಗಿ ನಡೆದವು.

ಗಾಡಿಯಲ್ಲಿ, “ಆ ನೆಲದ ವಿಷಯ…” ಎಂದು ಬಾಯಿತೆರೆದೆ.

“ಎತ್ತಿಗೆ ಬೈಹುಲ್ಲು ಹಾಕಿಕೊಂಡಿದ್ದಿಯಾ?” ಎಂದರು.

ಮೂಡಬಿದ್ರೆಯ ಹತ್ತಿರ ಸಿಕ್ಕಿದ ಮನೆಯಲ್ಲಿ ಮತ್ತೆ ಮಣ್ಣಿನ ನೆಲ. ಧಣಿಯ ಒಂದು ಹಳೆಯ ಪತ್ತಾಯ ಇತ್ತು, ಭತ್ತ ತುಂಬುವ ಮರದ ದೊಡ್ಡ ಪೆಟ್ಟಿಗೆ. ಆ ಮಳೆಗಾಲವಿಡೀ ನೀಲಾವತಿ ಮಲಗಿದ್ದು ಅದರ ಮುಚ್ಚಳದ ಮೇಲೆ. ಮಗು ಉರುಳಿ ಬೀಳಬಾರದೆಂದು ಇವರು ಪತ್ತಾಯಕ್ಕೆ ಒರಗಿ ಕೂತೇ ನಿದ್ದೆ ಮಾಡಿದರು. ಅವಳು ಕೆಮ್ಮಿದಾಗಲೆಲ್ಲ ನಾನು ಮನಸ್ಸಿನಲ್ಲಿ ಆ ಮೊಳೆಯನ್ನೇ ನೆನೆದೆ. ಇವಳಿಗೇನಾದರೂ ಆದರೆ ನನ್ನ ಕೈಯಿಂದಲೇ ಆದದ್ದು. ದೇವರು ದೊಡ್ಡವನು, ಮಗು ಉಳಿಯಿತು.

ದೀಪಾವಳಿಗೆ ಕೆಮ್ಮು ನಿಂತ ಮೇಲೆ ಇನ್ನೊಮ್ಮೆ ಹೇಳಲು ಹೋದೆ. “ಆ ಮೊಳೆ…” ಎಂದೆ. “ಬೇಲಿ ಮುರಿದಿದೆ, ನೋಡಿ ಬರ್ತೇನೆ,” ಎಂದು ಎದ್ದರು. ಬೇಲಿಗೆ ಏನೂ ಆಗಿರಲಿಲ್ಲ. ಇವರು ಆಮೇಲೆ ಎಂಟು ವರ್ಷ ನೆಲದ ಮಾತೆತ್ತಲಿಲ್ಲ. ಎಲ್ಲಿಯೂ ಜಂಬ ಕೊಚ್ಚಲಿಲ್ಲ. ಅದೊಂದು ಹೋದದ್ದಕ್ಕೆ ನನಗೆ ಯಾಕೋ ಹಲಗೆ ಹೋದದ್ದಕ್ಕಿಂತ ಹೆಚ್ಚು ದುಃಖವಾಯಿತು.

ಅರುವತ್ತೇಳರಲ್ಲಿ ಮೂಡಬಿದ್ರೆಯ ಆಚೆ, ಗುಡ್ಡೆಯ ಬದಿಯಲ್ಲಿ ನಮಗೆ ಐದು ಸೆಂಟ್ಸು ಜಾಗ, ಹೆಸರಿಗೆ ಬರೆದ ಪಟ್ಟೆ ಸಮೇತ, ಸ್ವಂತಕ್ಕೆ ಆಯಿತು. ಗೋಡೆ ಎದ್ದು, ಹಂಚು ಹಾಕಿದ ಮೇಲೆ ಇವರು ಒಂದು ದಿನ ಕತ್ತಿ ಹಿಡಿದು ಬಿದಿರು ಮೆಳೆಗೆ ಹೊರಟರು. ಹುಣ್ಣಿಮೆ ಕಳೆದು ಕತ್ತಲೆಯ ಪಕ್ಷಕ್ಕೆ ಕಾದಿದ್ದರು. ಆಗ ಕಡಿದ ಬಿದಿರಿಗೆ ಹುಳ ಹಿಡಿಯುವುದಿಲ್ಲ. ಕಡಿದದ್ದನ್ನು ತೋಡಿನ ನೀರಿನಲ್ಲಿ ಕಲ್ಲು ಹೇರಿ ನಲವತ್ತು ದಿನ ಮುಳುಗಿಸಿದರು. ತೆಗೆದಾಗ ಕೊಳೆತ ವಾಸನೆಗೆ ಮೂಗು ಬಿಡುವಂತಿರಲಿಲ್ಲ. “ಮೀನೆಣ್ಣೆಯೇ ವಾಸಿ ಇತ್ತು,” ಎಂದೆ. ಇವರು ಮೀಸೆಯೊಳಗೆ ನಕ್ಕರು. ಬಿದಿರು ಸೀಳಿ, ಒಳಗಿನ ಗಂಟು ಕೆತ್ತಿ, ಬಿಸಿಲಿಗೆ ಒಣಗಿಸಿ, ಬೈನೆ ಅಡ್ಡೆಗಳ ಮೇಲೆ ಹಾಸಿದರು. ಮತ್ತೆ ಅದೇ ಹರಿವಾಣ, ಅದೇ ನೀರು. ಗೋಡೆಯ ಬದಿಗೆ ಎರಡು ಬೆರಳು ಸಂದು ಬಿಡುವುದನ್ನು ಮರೆಯಲಿಲ್ಲ. ಹಗ್ಗ ಎಲ್ಲಿ ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ಬೈರಿಗೆಯಿಂದ ಬಿದಿರಿಗೆ ಸಣ್ಣ ಸಣ್ಣ ತೂತು ಕೊರೆಯುತ್ತಿದ್ದರು.

ಸಂಜೆ ಹೊತ್ತಿಗೆ ನನ್ನನ್ನು ಕರೆದರು. ಬಾಗಿಲ ಬುಡದಲ್ಲಿ ಕೂತಿದ್ದರು. ಸೊಂಟದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಡಿಸಿದರು. ಹೊಸ ಮೊಳೆಗಳು. ಒಂದನ್ನು ತೂತಿನಲ್ಲಿ ನಿಲ್ಲಿಸಿ, ಸುತ್ತಿಗೆಯ ಹಿಡಿಯನ್ನು ನನ್ನ ಕಡೆ ತಿರುಗಿಸಿದರು.

“ಹೊಡಿ.”

“ನಾನಾ?”

“ಜಾಗ ನಮ್ಮದು. ಇನ್ನು ಬಿಚ್ಚಲಿಕ್ಕಿಲ್ಲ.”

ಸುತ್ತಿಗೆ ಹಿಡಿದೇ, “ನಾನೊಂದು ಮಾತು ಹೇಳಲಿಕ್ಕುಂಟು,” ಎಂದೆ.

“ಕ್ಯಾಲೆಂಡರಿನ ಮೊಳೆಯದ್ದು ತಾನೇ?” ಎಂದರು. “ದಿನಾ ಬೆಳಿಗ್ಗೆ ಎದ್ದು ತಾರೀಕು ನೋಡುತ್ತಿದ್ದವ ನಾನು. ಅದರ ತಲೆ ನನಗೆ ಗುರುತಿಲ್ಲವಾ?”

“ಗೊತ್ತಿದ್ದೂ ಎಂಟು ವರ್ಷ ಬಾಯಿಬಿಡಲಿಲ್ಲವಾ ನೀವು?” ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಎಂಟು ವರ್ಷ ನಾನೊಬ್ಬಳೇ ಹೊತ್ತದ್ದು ಎಂದುಕೊಂಡಿದ್ದೆನಲ್ಲ.

ಇವರು ಮೊಳೆಯನ್ನೇ ನೋಡುತ್ತ ಹೇಳಿದರು, “ಮಗು ಮಲಗಲಿ ಅಂತ ನೀನು ಹೊಡೆದದ್ದು. ನಾನು ನೆಲ ಮಾಡಿದ್ದೂ ಅದಕ್ಕೇ ಅಲ್ಲವ. ಏನು ಹೇಳುವುದು ಅದರಲ್ಲಿ? ಜಂಬ ಕೊಚ್ಚಿದವನು ನಾನು.” ಮೊಳೆಯನ್ನು ಬೆರಳಿನಲ್ಲಿ ಇನ್ನೊಮ್ಮೆ ನೆಟ್ಟಗೆ ಮಾಡಿ, “ಆ ಸಲ ವಾರೆ ಹೊಡೆದಿದ್ದಿ. ಇದನ್ನಾದರೂ ನೆಟ್ಟಗೆ ಹೊಡಿ,” ಎಂದರು.

ಹೊಡೆದೆ. ಕಣ್ಣು ತುಂಬಿದ್ದರೆ ಮೊಳೆ ನೆಟ್ಟಗೆ ಇಳಿಯುವುದು ಹೇಗೆ? ಅದೂ ವಾರೆಯೇ ಹೋಯಿತು. ಉಳಿದ ಮೊಳೆಗಳನ್ನೆಲ್ಲ ಇವರೇ ಹೊಡೆದರು, ಒಂದೂ ಆಚೀಚೆ ಆಗಲಿಲ್ಲ. ನನ್ನದನ್ನು ಮಾತ್ರ ಕಿತ್ತು ಸರಿ ಮಾಡಲಿಲ್ಲ, ಈಗಲೂ ಬಾಗಿಲ ಬುಡದಲ್ಲಿ ಹಾಗೆಯೇ ಉಂಟು.